ವಿಮಾನಕ್ಕೆ ಇಟ್ಟ ಬೊಟ್ಟು

ಬಾಳೆಹಣ್ಣಿನ ಚಿಪ್ಪನ್ನು ಗೂಡಿನಲ್ಲಿಟ್ಟು ಎರಡು ದಿನ ಮರೆತರೆ ಸಿಪ್ಪೆ ಕಪ್ಪಾಗಿ, ಮನೆಯ ತುಂಬ ಒಂದು ಅತಿಯಾದ ಸಿಹಿ ವಾಸನೆ ಹರಡಿಕೊಳ್ಳುವುದು ನಿಮಗೂ ಗೊತ್ತಿರಬೇಕು. ನಿಮಗೆ ಅದು ಹಣ್ಣು ಕೆಟ್ಟಿತೆಂಬ ಸೂಚನೆ. ನನಗೆ ಅದು ವಿಮಾನದ ವಾಸನೆ. ನಗಬೇಡಿ. ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ ಕೂತು ನನ್ನ ತಮ್ಮ ಸುಬ್ಬು ಒಂದೂವರೆ ವರ್ಷ ಒಂದು ವಿಮಾನವನ್ನು ಕಟ್ಟಿದ. ಅದರ ಕೀಲುಗಳಿಗೆ ಹಚ್ಚುತ್ತಿದ್ದ ಅಂಟಿಗೂ, ಮೈಗೆ ಹೊದಿಸಿದ ತೆಳುಕಾಗದದ ಮೇಲೆ ಬಳಿಯುತ್ತಿದ್ದ ವಾರ್ನಿಷಿಗೂ ಇದೇ ವಾಸನೆ. ಅಮ್ಮ ಅಡಿಗೆಮನೆಯಿಂದ ಬಂದು ಗೂಡಿನಲ್ಲಿ ಹಣ್ಣನ್ನು ಹುಡುಕಿ, ಕಾಣದೆ, ಮೂಗಿಗೆ ಸೆರಗು ಹಿಡಿದು ಹಿಂದಕ್ಕೆ ಹೋಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ಚೆನ್ನಾಗಿ ನೆನಪಿದೆ ಎಂದು ಬರೆದುಬಿಟ್ಟೆ. ಈ ಮಾತನ್ನು ಇನ್ನು ಮುಂದೆ ಬರೆಯಬಾರದೆಂದು ಹೋದ ತಿಂಗಳು ನಿಶ್ಚಯಿಸಿದ್ದೆ. ಏಕೆಂಬುದನ್ನೇ ಈಗ ಹೇಳಹೊರಟಿದ್ದೇನೆ.

ಸ್ವಾತಂತ್ರ್ಯ ಬಂದ ಮೇಲೆ ದಂಡಿನ ಪ್ರದೇಶದ ಇಂಗ್ಲಿಷ್ ಸಂಸಾರಗಳು ಒಂದೊಂದಾಗಿ ಊರು ಬಿಟ್ಟಾಗ ಅವರ ಮಂಚ, ಕನ್ನಡಿ, ಪಿಂಗಾಣಿಯೆಲ್ಲ ಹರಾಜಿಗೆ ಬರುತ್ತಿದ್ದುವು. ಅಂಥ ಒಂದು ಹರಾಜಿನಲ್ಲಿ ಸುಬ್ಬುವಿನ ಪಾಲಿಗೆ ಬಂದದ್ದು ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ. ಅದರೊಳಗೆ ಬಾಲ್ಸಾ ಎಂಬ ಮರದ ಹಲಗೆಗಳು, ಕಡ್ಡಿಗಳು, ಮಡಿಸಿದ ಒಂದು ದೊಡ್ಡ ನಕ್ಷೆ. ಆ ಮರ ಅದೆಷ್ಟು ಹಗುರವೆಂದರೆ, ಅಮ್ಮ ಒಂದು ಹಲಗೆಯನ್ನು ಅಂಗೈಯಲ್ಲಿ ತೂಗಿ ನೋಡಿ, “ಇದೇನೋ ಇದು, ಮರವೋ ಹಪ್ಪಳವೋ? ಒಲೆಗಿಟ್ರೆ ಒಂದು ಲೋಟ ನೀರೂ ಕಾಯಲ್ವಲ್ಲೋ” ಎಂದಳು. ಸುಬ್ಬು, “ನೀರು ಕಾಯಿಸೋಕಲ್ಲಮ್ಮ, ಹಾರ್ಸೋಕೆ” ಎಂದ. “ಮೊದಲು ಪರೀಕ್ಷೆ ಹಾರಪ್ಪ, ಆಮೇಲೆ ಇದನ್ನ ಹಾರ್ಸುವಿಯಂತೆ” ಎಂದು ಅಮ್ಮ ಒಳಗೆ ಹೋದಳು.

ಅವನು ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ಬಿದ್ದಿದ್ದ. ಮೂರನೆಯ ಸಲ ಪರೀಕ್ಷೆ ಕಟ್ಟುವ ಮನಸ್ಸು ಅವನಿಗಿರಲಿಲ್ಲ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು, ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಕಾಲೇಜಿನಲ್ಲಿ ತರ್ಕ ಹೇಳುತ್ತಿದ್ದ ನಾನು ಮನೆಗೆ ಯಜಮಾನನಾಗಿದ್ದೆ. ಸಂಶಯವೇ ಜ್ಞಾನದ ಹೊಸ್ತಿಲೆಂದು ವಿಶ್ವವಿದ್ಯಾನಿಲಯ ನನಗೆ ಕಲಿಸಿತ್ತು, ನಾನೂ ಒಳಗೆ ಹೋಗದೆ ಹೊರಗೂ ಬರದೆ ಆ ಹೊಸ್ತಿಲ ಮೇಲೆಯೇ ನಿಂತಿದ್ದೆ. ಸುಬ್ಬುವಿಗೆ ಅಂಥ ಕಷ್ಟವಿರಲಿಲ್ಲ. ಅವನು ನಕ್ಷೆಯನ್ನು ಒಂದು ಮೆತ್ತನೆಯ ಹಲಗೆಯ ಮೇಲೆ ಹರಡಿ, ಅದರ ಗೆರೆಗಳ ಮೇಲೆಯೇ ಕಡ್ಡಿಗಳನ್ನಿಟ್ಟು, ಗುಂಡುಸೂಜಿ ಚುಚ್ಚಿ, ಕೀಲಿಗೊಂದು ಹನಿ ಅಂಟು ಬಿಟ್ಟು, ಒಣಗುವ ತನಕ ಉಸಿರು ಬಿಗಿಹಿಡಿದು ಕೂತಿರುತ್ತಿದ್ದ. ಒಂದು ದಿನಕ್ಕೆ ಮೀನಿನ ಮುಳ್ಳಿನಂಥ ಎರಡು ಪಕ್ಕೆಲುಬು. ಪಠ್ಯಪುಸ್ತಕದ ಮುಂದೆ ಅರ್ಧ ಗಂಟೆ ಕೂರಲಾರದವನಿಗೆ ಈ ಧ್ಯಾನ ಎಲ್ಲಿಂದ ಬಂತೋ.

ಆದರೆ ಅವನ ಹೆಮ್ಮೆ ಇದ್ದುದು ಮರದಲ್ಲಲ್ಲ, ರೇಡಿಯೋದಲ್ಲಿ. ಯುದ್ಧ ಮುಗಿದ ಮೇಲೆ ಮಾರುಕಟ್ಟೆಯ ಹಿಂದಿನ ಗುಜರಿ ಅಂಗಡಿಗಳಿಗೆ ಬಂದುಬಿದ್ದಿದ್ದ ಸೈನ್ಯದ ಸಾಮಾನುಗಳಿಂದ ಅದನ್ನು ಅವನೇ ಜೋಡಿಸಿದ್ದ. ನೆಲದ ಮೇಲೆ ನಿಂತು ಗುಂಡಿ ಒತ್ತಿದರೆ ಸಂಕೇತ ಗಾಳಿಯಲ್ಲಿ ಹೋಗಿ ವಿಮಾನದ ಹೊಟ್ಟೆಯಲ್ಲಿರುವ ಪುಟ್ಟ ರೇಡಿಯೋ ವಾಲ್ವನ್ನು ತಲಪುತ್ತದೆ. ಆಗ ರಿಲೇ ಎಂಬ ಒಂದು ತಂತಿಸುರುಳಿ ಸಣ್ಣ ತಗಡೊಂದನ್ನು ಸೆಳೆಯುತ್ತದೆ. ಸಾಸಿವೆಕಾಳಿನಷ್ಟಿರುವ ಎರಡು ಬೆಳ್ಳಿಯ ಚುಕ್ಕೆಗಳು ಒಂದನ್ನೊಂದು ಮುಟ್ಟುತ್ತವೆ. ಮುಟ್ಟಿದೊಡನೆ ಬಾಲದ ಚುಕ್ಕಾಣಿ ಹೊರಳುತ್ತದೆ. ಚುಕ್ಕೆಗಳು ಮುಟ್ಟಿದರೆ ವಿಮಾನ ಮಾತು ಕೇಳುತ್ತದೆ, ಮುಟ್ಟದಿದ್ದರೆ ಕೇಳುವುದಿಲ್ಲ. ಇಷ್ಟೇ. ನನ್ನ ತರ್ಕದ ಪಾಠವೂ ಇಷ್ಟು ಸ್ವಚ್ಛವಾಗಿರಲಿಲ್ಲ.

ಅಪ್ಪನ ಸ್ನೇಹಿತರೊಬ್ಬರ ಮೂಲಕ, ವಿಮಾನದ ಕೆಲಸ ಬಲ್ಲ ಒಬ್ಬ ಎಂಜಿನಿಯರು ಇದನ್ನು ಬಂದು ನೋಡಲು ಒಪ್ಪಿದರು. ಹುಡುಗ ಹೇಳಿದಂತೆ ಹಾರಿಸಿದರೆ, ಪರೀಕ್ಷೆಯ ಮಾತೆತ್ತದೆ ಅವನನ್ನು ತಮ್ಮ ಕೈಕೆಳಗೆ ಕೆಲಸ ಕಲಿಯಲು ಸೇರಿಸಿಕೊಳ್ಳುವ ಏರ್ಪಾಡು. ದಿನ ವಿಜಯದಶಮಿ. ಹಿಂದಿನ ದಿನ ಆಯುಧಪೂಜೆ.

ಆ ಹಿಂದಿನ ದಿನದ ಬೆಳಗನ್ನು ಹೇಗೆ ಹೇಳಲಿ? ಆರು ವರ್ಷ ನಾನು ಹೇಳುತ್ತಿದ್ದುದು ಹೀಗೆ. ಸುಬ್ಬು ಬ್ಯಾಟರಿ ತರಲು ಪೇಟೆಗೆ ಹೋಗಿದ್ದ. ರೆಕ್ಕೆಯನ್ನು ಬಿಚ್ಚಿಟ್ಟಿದ್ದರಿಂದ ವಿಮಾನದ ಹೊಟ್ಟೆ ತೆರೆದಿತ್ತು. ಸೈಕಲ್ಲು, ಈಳಿಗೆಮಣೆ, ಅಪ್ಪನ ಲೇಖನಿ, ನನ್ನ ಪುಸ್ತಕಗಳು, ಎಲ್ಲವನ್ನೂ ಸಾಲಾಗಿ ಜೋಡಿಸಿ ಅಮ್ಮ ಪೂಜೆ ಮಾಡಿದಳು. ಕೊನೆಗೆ ವಿಮಾನದ ಮುಂದೆ ಬಾಗಿ, ಯಂತ್ರದ ಮುಖ್ಯಸ್ಥಾನ ಯಾವುದೆಂದು ಹುಡುಕಿ, ಫಳಫಳ ಹೊಳೆಯುತ್ತಿದ್ದ ರಿಲೇಯ ಮೇಲೆಯೇ ಒಂದು ಒದ್ದೆ ಕುಂಕುಮದ ಬೊಟ್ಟು ಇಟ್ಟಳು. ಅವಳ ಬಾಗಿದ ಬೆನ್ನು, ಕುಂಕುಮ ಅಂಟಿದ ಉಂಗುರಬೆರಳು, ಎಲ್ಲವನ್ನೂ ನಾನು ಕಂಡಿದ್ದೆ.

ಸುಬ್ಬು ರಾತ್ರಿ ದೀಪದ ಮಂದ ಬೆಳಕಿನಲ್ಲಿ ಬ್ಯಾಟರಿ ಕೂರಿಸಿ ರೆಕ್ಕೆ ಬಿಗಿದಾಗ ಬೊಟ್ಟು ಅವನ ಕಣ್ಣಿಗೆ ಬೀಳಲಿಲ್ಲ. ಮಾರನೆಯ ಬೆಳಿಗ್ಗೆ ತ್ಯಾಗರಾಜನಗರದಾಚೆಯ ಬಯಲಿನಲ್ಲಿ ನಿಂತು ಸುಬ್ಬು ಗುಂಡಿ ಒತ್ತಿದಾಗ ಚುಕ್ಕಾಣಿ ಚೆನ್ನಾಗಿಯೇ ಹೊರಳಿತು. ಎಂಜಿನು ಹೊತ್ತಿ ವಿಮಾನ ಮೇಲೇರಿತು. ಎರಡು ಸಲ ಅವನು ಹೇಳಿದತ್ತ ತಿರುಗಿತು. ಮೂರನೆಯ ಸಲ ತಿರುಗಲಿಲ್ಲ. ಅವನು ಒತ್ತುತ್ತಲೇ ಇದ್ದ. ಅದು ತನ್ನ ಪಾಡಿಗೆ ದೊಡ್ಡ ದೊಡ್ಡ ಸುತ್ತು ಹಾಕುತ್ತ ಗಾಳಿಯೊಡನೆ ಸರಿಯುತ್ತ ಹೋಗಿ, ಎಂಜಿನು ನಿಂತ ಮೇಲೆ ಬಹಳ ಚಂದವಾಗಿ ಇಳಿಯತೊಡಗಿ, ರಾಗಿಹೊಲದ ಅಂಚಿನ ಬಂಡೆಗೆ ಮೂಗು ಕೊಟ್ಟಿತು. ಎಂಜಿನಿಯರು ಚೂರುಗಳನ್ನು ನೋಡಿ, “ಕಟ್ಟಿರೋದು ತುಂಬ ಚೆನ್ನಾಗಿದೆ. ಕಂಟ್ರೋಲ್ ಇಲ್ಲ, ಅಷ್ಟೆ” ಎಂದು ಟೋಪಿ ಹಾಕಿಕೊಂಡು ಹೊರಟುಹೋದರು. ಸುಬ್ಬು ರಿಲೇಯನ್ನು ಬಿಚ್ಚಿದ. ಎಂಜಿನಿನ ಅದುರುವಿಕೆಗೆ ಒಣಗಿದ ಕುಂಕುಮ ಪುಡಿಯಾಗಿ ಉದುರಿ, ಆ ಎರಡು ಚುಕ್ಕೆಗಳ ನಡುವೆ ಕೂತಿತ್ತು.

“ಯಾರೋ ಹಚ್ಚಿದ್ದು ಇದನ್ನ?” ಎಂದು ಅವನು ಕೇಳಿದ. ಬಯಲಲ್ಲಿ ಉಳಿದಿದ್ದವರು ನಾವಿಬ್ಬರೇ. “ಅಮ್ಮ ಕಣೋ, ಪೂಜೆಗೆ” ಎಂದು ನಾನು ಹೇಳಿದೆ.

ಅಂದಿನಿಂದ ಅವನು ಅಮ್ಮನೊಡನೆ ಮಾತು ಕಡಿಮೆ ಮಾಡಿದ. ಜಗಳವೇನೂ ಆಗಲಿಲ್ಲ, ಆಗಿದ್ದರೆ ಒಳ್ಳೆಯದಿತ್ತು. ಉಪ್ಪಾರಪೇಟೆಯ ಲಾಡ್ಜೊಂದರಲ್ಲಿ ಗುಮಾಸ್ತನಾಗಿ ಸೇರಿ ಅಲ್ಲೇ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಉಳಿದುಕೊಂಡ. ಹಬ್ಬಕ್ಕೆ ಬಂದರೆ ಊಟ ಮಾಡಿ ಎದ್ದು ಹೋಗುವನು. ಅಮ್ಮ ಅವನ ಎಲೆಗೆ ತುಪ್ಪ ಹಾಕುವಾಗ ಕೈ ಮುಂದಕ್ಕೆ ಚಾಚಿ, ಮುಖವನ್ನು ಬೇರೆ ಕಡೆ ತಿರುಗಿಸಿರುತ್ತಿದ್ದಳು. ಎರಡು ವರ್ಷದ ಹಿಂದೆ ಅವಳು ತೀರಿಕೊಂಡಳು.

ನಾನು ಮಾತ್ರ ಈ ಕತೆಯನ್ನು ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಹೇಳಿ ನಗಿಸುತ್ತಿದ್ದೆ. ವಿಜ್ಞಾನದ ಎರಡು ಚುಕ್ಕೆಗಳ ನಡುವೆ ನಮ್ಮ ದೇಶದ ಕುಂಕುಮ ಹೇಗೆ ಕೂತಿದೆ ನೋಡಿ, ಎಂದು ಕೊನೆಗೊಂದು ನೀತಿಯನ್ನೂ ಸೇರಿಸುತ್ತಿದ್ದೆ. ಹೋದ ತಿಂಗಳು ಹಾಗೆ ಹೇಳಿ ಮುಗಿಸಿದಾಗ, ಚರಿತ್ರೆ ಹೇಳುವ ಬಸವಲಿಂಗಪ್ಪನವರು ನಗದೆ ಎಲೆಯಡಿಕೆ ಅಗಿಯುತ್ತ ಕೂತಿದ್ದರು. ಅವರದು ಪೇಟೆಯ ವ್ಯಾಪಾರದ ಮನೆತನ. ನಮ್ಮ ಮನೆಗೆ ಒಂದೆರಡು ಸಲ ಬಂದಿದ್ದವರು.

“ಅಲ್ಲ ಸ್ವಾಮಿ, ನಿಮ್ಮ ತಾಯಿಯವರನ್ನ ನಾನು ನೋಡಿದೀನಿ. ಹಣೆ ಬರಿದಾಗಿತ್ತು. ಆ ವಿಮಾನದ ಪೂಜೆ ಆದಾಗ ನಿಮ್ಮ ತಂದೆ ಇದ್ರಾ?”

“ಇಲ್ಲ, ತೀರಿಕೊಂಡು ಮೂರು ವರ್ಷ ಆಗಿತ್ತು.”

“ಮತ್ತೆ ನಿಮ್ಮವರಲ್ಲಿ ಅಂಥವರು ಕುಂಕುಮ ಮುಟ್ತಾರಾ?” ಅವರು ಕೇಳಿದ್ದು ತಿಳಿಯುವ ಕುತೂಹಲದಿಂದ ಮಾತ್ರ. “ನಮ್ಮಲ್ಲಾದ್ರೆ ವಿಭೂತಿ ಇದೆ, ನಡೆಯುತ್ತೆ. ನಿಮ್ಮಲ್ಲಿ ಹೇಗೋ ಅಂತ ಕೇಳ್ದೆ.”

ಗಂಟೆ ಹೊಡೆಯಿತು. ಅವರು ತರಗತಿಗೆ ಹೋದರು. ನಾನು ಹೋಗಲಿಲ್ಲ.

ಮುಟ್ಟುತ್ತಿರಲಿಲ್ಲ. ಅಪ್ಪ ಹೋದ ದಿನದಿಂದ ಅಮ್ಮ ಕುಂಕುಮದ ಭರಣಿಯನ್ನು ಕೈಯಿಂದ ಮುಟ್ಟಿದವಳೇ ಅಲ್ಲ. ಮನೆಗೆ ಮುತ್ತೈದೆಯರು ಬಂದರೆ ತಾನು ಒಳಗುಳಿದು, ಪಕ್ಕದ ಮನೆಯಾಕೆಯನ್ನು ಕರೆಸಿ ಅರಿಸಿನ ಕುಂಕುಮ ಕೊಡಿಸುತ್ತಿದ್ದಳು. ಮಗನ ಬದುಕು ನಿಂತಿದ್ದ ಯಂತ್ರದ ಮುಂದೆ ಅವಳು ಕುಂಕುಮ ಹಿಡಿದು ಬಾಗುವುದೆಂದರೆ ಅದು ಅವಳ ಕನಸಿಗೂ ಬಾರದ ಮಾತು. ಸುಬ್ಬು ಮನೆಯಲ್ಲಿರಲಿಲ್ಲ. ಅಮ್ಮ ಮುಟ್ಟುವವಳಲ್ಲ. ಮನೆಯಲ್ಲಿದ್ದ ಮೂರನೆಯವನು ಒಬ್ಬನೇ, ಅಪ್ಪನ ಅನಂತರ ಪೂಜೆಗೆ ಕೂರಬೇಕಾದ ಹಿರಿಯ ಮಗ. ಹುಡುಗರಿಗೆ ನಾನು ಕರಿಹಲಗೆಯ ಮೇಲೆ ಬರೆದು ತೋರಿಸುವ ತರ್ಕದ ತೀರ್ಮಾನಗಳಲ್ಲಿ ಇಷ್ಟು ಸರಳವಾದದ್ದು ಇನ್ನೊಂದಿಲ್ಲ.

ಆದರೆ, ಮಿತ್ರರೇ, ನನಗೆ ಇಂದಿಗೂ ಕಾಣುವುದು ಅಮ್ಮನ ಬೆನ್ನೇ, ಅಮ್ಮನ ಬೆರಳೇ. ನನ್ನ ಬೆರಳು ಕಾಣುವುದಿಲ್ಲ. ತರ್ಕ ಒಂದನ್ನು ಹೇಳುತ್ತದೆ, ಕಣ್ಣು ಇನ್ನೊಂದನ್ನು ಹೇಳುತ್ತದೆ; ಕಣ್ಣು ಸುಳ್ಳು ಹೇಳುತ್ತಿದೆಯೆಂದು ತಿಳಿದ ಮೇಲೂ ಅದು ಹೇಳುವುದನ್ನು ನಿಲ್ಲಿಸುವುದಿಲ್ಲ. ಹಟಮಾಡಿ ನೆನೆದರೆ, ಅಡಿಗೆಮನೆಯ ಬಾಗಿಲಲ್ಲಿ ನಿಂತು “ಅದಕ್ಕೂ ಒಂದು ಬೊಟ್ಟು ಇಡೋ” ಎನ್ನುವ ಧ್ವನಿ ಕೇಳಿದ ಹಾಗಾಗುತ್ತದೆ. ಅದೂ ನಾನು ಈಗ ಕಟ್ಟಿಕೊಂಡದ್ದೇ ಇರಬಹುದು. ಇಟ್ಟಿದ್ದರೆ ಹೇಗೆ ಇಟ್ಟೆ? ನಂಬದವನ ಉದಾಸೀನದಲ್ಲಿ, ಎಲ್ಲೋ ಒಂದು ಕಡೆ ಒತ್ತಿದರಾಯಿತೆಂದು ಒತ್ತಿದೆನೆ? ಅಥವಾ, ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಯಾರೂ ನೋಡುತ್ತಿಲ್ಲವೆಂದು ನಿಶ್ಚಯಮಾಡಿಕೊಂಡು, ತಮ್ಮನ ಯಂತ್ರದ ಹೃದಯವನ್ನೇ ಹುಡುಕಿ, ದೇವರೇ ಇದೊಂದು ಹಾರಲಿ ಎಂದು ಇಟ್ಟೆನೆ? ಹಾಗೆ ಇಟ್ಟು, ಆ ಭಕ್ತಿಗೆ ನಾಚಿ, ಅದನ್ನು ಬಯಲಿನಲ್ಲಿ ಒಂದು ಕ್ಷಣದಲ್ಲಿ ಅಮ್ಮನ ಕೈಗೆ ದಾಟಿಸಿಬಿಟ್ಟೆನೆ? ಸಂಶಯಪಡುವುದನ್ನು ಇಷ್ಟು ವರ್ಷ ಕಲಿತೆ, ಕಲಿಸಿದೆ. ವೇದವನ್ನು ಸಂಶಯಿಸಿದೆ, ಪಂಚಾಂಗವನ್ನು ಸಂಶಯಿಸಿದೆ. ನನ್ನ ಬಾಯಿಂದ ಹೊರಟ ಮೂರು ಪದವನ್ನು ಸಂಶಯಿಸಲು ಎಲೆಯಡಿಕೆ ಅಗಿಯುವ ಸಹೋದ್ಯೋಗಿಯೊಬ್ಬರು ಬೇಕಾದರು.

ಮೊನ್ನೆ ಭಾನುವಾರ ಮಧ್ಯಾಹ್ನ ಉಪ್ಪಾರಪೇಟೆಗೆ ಹೋದೆ. ಸುಬ್ಬು ಮೇಜಿನ ಹಿಂದೆ ಕೂತು ಬೀಗದಕೈಗಳಿಗೆ ನಂಬರಿನ ಚೀಟಿ ಕಟ್ಟುತ್ತಿದ್ದ. ಬೆರಳುಗಳು ಈಗಲೂ ಹಾಗೆಯೇ ಇವೆ, ದಾರದ ಗಂಟನ್ನೂ ಅಳೆದು ಹಾಕುತ್ತವೆ.

“ಬಾ ಅಣ್ಣ. ಏನು ಇಷ್ಟು ದೂರ?”

ನಾನು ಪೀಠಿಕೆ ಹಾಕಲಿಲ್ಲ. “ಸುಬ್ಬು, ಅವತ್ತು ವಿಮಾನಕ್ಕೆ ಬೊಟ್ಟು ಇಟ್ಟಿದ್ದು ಅಮ್ಮ ಅಲ್ಲ. ನಾನು ಅಂತ ಕಾಣುತ್ತೆ.”

ಅವನು ದಾರವನ್ನು ಬಿಡಲಿಲ್ಲ. “ಕಾಣುತ್ತೆ ಅಂದ್ರೆ?”

“ಅಮ್ಮ ಕುಂಕುಮ ಮುಟ್ತಿರ್ಲಿಲ್ಲ. ನೀನು ಮನೇಲಿರ್ಲಿಲ್ಲ. ಇನ್ನು ಉಳಿದೋನು ನಾನೇ.”

ಯಾರೋ ಬಂದು ಹದಿನಾಲ್ಕನೆಯ ಕೋಣೆಯ ಬೀಗದಕೈ ಕೇಳಿದರು, ಕೊಟ್ಟ.

“ಅವತ್ತು ಸಾಯಂಕಾಲ ನಾನು ಅಮ್ಮನ್ನ ಕೇಳ್ದೆ,” ಎಂದ. “ನೀನೇನಾ ಹಚ್ಚಿದ್ದು, ಅಣ್ಣ ಹೇಳ್ದ, ಅಂತ. ನನ್ನ ಮುಖಾನೇ ನೋಡಿದ್ಳು. ಆಮೇಲೆ, ಹೂಂ ಕಣೋ, ನಾನೇ, ಅಂದ್ಳು. ಮುಂಡೆ ಕೈ ಮುಟ್ಟಿದ್ರೆ ಇನ್ನೇನಾಗುತ್ತೆ ಹೇಳು, ಅಂದ್ಳು.”

ಅವನು ಇನ್ನೊಂದು ಬೀಗದಕೈಗೆ ದಾರ ಸುತ್ತಿದ.

“ನಾನೇನಂದೆ ಗೊತ್ತಾ ಅಣ್ಣ? ಅದು ಹಾಗಲ್ಲಮ್ಮ, ಕುಂಕುಮದ ಪುಡಿ ಕಾಂಟ್ಯಾಕ್ಟಿಗೆ ಸಿಕ್ಕಿ ಹಾಗಾಯ್ತು, ಯಾರ ಕೈ ಆದ್ರೂ ಅಷ್ಟೇ ಅಂತ ಹೇಳ್ಬೋದಿತ್ತು. ರಿಲೇ ನನ್ನ ಕೈಯಲ್ಲೇ ಇತ್ತು. ತೋರಿಸ್ಬೋದಿತ್ತು.” ಅವನು ಗಂಟನ್ನು ಬಿಗಿದ. “ಹೂಂ ಅಂದೆ.”

ಬೀದಿಯಲ್ಲಿ ಜಟಕಾಗಳ ಸದ್ದು. ಒಬ್ಬ ತರ್ಕ ಓದಿದವನು, ಒಬ್ಬ ಗಾಳಿಯಲ್ಲಿ ಸಂಕೇತ ಕಳಿಸಬಲ್ಲವನು, ನಾವಿಬ್ಬರು ಮಕ್ಕಳು. ನಮ್ಮ ತಾಯಿ ತನ್ನ ವೈಧವ್ಯವೇ ವಿಮಾನವನ್ನು ಕೆಡವಿತೆಂದು ಹೇಳಿಕೊಂಡು ನಾಲ್ಕು ವರ್ಷ ಬದುಕಿದಳು. ಹಿರಿಯನನ್ನು ಉಳಿಸಲು ಹಾಗೆಂದಳೋ, ಹೇಳುತ್ತ ಹೇಳುತ್ತ ತಾನೂ ನಂಬಿಬಿಟ್ಟಳೋ, ಅದನ್ನು ತಿಳಿಯುವ ದಾರಿ ಯಾವುದೂ ಉಳಿದಿಲ್ಲ.

ಸುಬ್ಬು ತಲೆಯೆತ್ತಿ ನನ್ನನ್ನು ನೋಡಿದ. “ಖಂಡಿತ ನೀನೇನಾ ಅಣ್ಣ? ಕಾಣುತ್ತೆ ಗೀಣುತ್ತೆ ಅನ್ಬೇಡ. ಒಂದು ಮಾತು ಹೇಳು.”

ನನಗೆ ಆಗಲೂ ಕಂಡದ್ದು ಅಮ್ಮನ ಬೆರಳೇ.

“ನಾನೇ ಕಣೋ,” ಎಂದೆ. “ಇಟ್ಟಿದ್ದು ಚೆನ್ನಾಗಿ ಜ್ಞಾಪಕ ಇದೆ.”