ದೀಪ ನಿಲ್ಲಿಸಿದ ರೋಸ್ವಿತಾ

ನಮ್ಮ ರೋಸ್ವಿತಾಳ ಕೈಚೀಲದಲ್ಲಿ ಸದಾ ಒಂದು ಉಕ್ಕಿನ ಬೆರಳು ಇರುತ್ತದೆ. ಹೆದರಬೇಡಿ, ಸರ್ಕಾರಿ ಬೆರಳು; ಅವಳು ಸಾಮಾನು ಪರೀಕ್ಷಿಸುವ ಇನ್ಸ್‌ಪೆಕ್ಟರು. ಮಾರಾಟಕ್ಕಿಟ್ಟದ್ದು ಇಸ್ತ್ರಿಪೆಟ್ಟಿಗೆಯಿರಲಿ, ಮಿಕ್ಸಿಯಿರಲಿ, ಅದರ ಸಂದಿಗೆ ಈ ಬೆರಳು ತೂರಿಸುತ್ತಾಳೆ. ಕರೆಂಟಿರುವ ಜಾಗಕ್ಕೆ ತಾಕಿತೋ, ಆ ಸಾಮಾನು ಮಾರುವಂತಿಲ್ಲ. ಯುರೋಪಿನ ಕಾನೂನು. ಸಾಸೇಜ್ ಹುರಿಯುವ ನನ್ನ ಕರೆಂಟ್ ಒಲೆಯನ್ನೂ ಬಿಟ್ಟಿಲ್ಲ, ಪುಣ್ಯಾತ್ಗಿತ್ತಿ.

ಐವತ್ತು ದಾಟುವವರೆಗೂ ಒಂಟಿಯಾಗಿದ್ದವಳು ಈ ಬೇಸಿಗೆಯಿಂದ ಭಾನುವಾರ ಮಧ್ಯಾಹ್ನ ಬಡಗಿ ಲೋಥರನ ಮನೆಗೆ ಕಾಫಿಗೆ, ಕೇಕಿಗೆ ಹೋಗತೊಡಗಿದ್ದಳು. ವಾಪಸು ಬರುವಾಗ ಹಾಡು ಗುನುಗುತ್ತಿದ್ದಳು. ನಮ್ಮ ಊರಿಗೆ ಅಷ್ಟು ಸಾಕು, ಎಲ್ಲರ ಬಾಯಲ್ಲೂ ಇದೇ ಸುದ್ದಿ. ನನಗಂತೂ ತುಂಬ ಖುಷಿಯಾಗಿತ್ತು.

ಕ್ರಿಸ್‌ಮಸ್ ಸಂತೆಯ ಹಿಂದಿನ ದಿನ ಲೋಥರ್ ನನ್ನ ಪಕ್ಕದ ಮಳಿಗೆಯಲ್ಲಿ ಮರದ ದೀಪಗಳನ್ನು ಜೋಡಿಸಿದ. ಪ್ರತಿಯೊಂದರ ಬೆನ್ನಿಗೂ, ಸಾಮಾನು ಸುರಕ್ಷಿತ ಎಂದು ಸಾರುವ ಸಿಇ ಗುರುತನ್ನು ಉಳಿಯಿಂದ ಕೆತ್ತಿದ್ದ. ಆ ಗುರುತನ್ನು ಸಾಮಾನು ತಯಾರಿಸಿದವನೇ ಹಾಕಬೇಕು, ನಿಜ. ಆದರೆ ಪರೀಕ್ಷೆ ಮಾಡಿ ಹಾಕಬೇಕು. ಈ ಮಹರಾಯ ಚೆಂದವಾಗಿ ಕೆತ್ತಿದರೆ ಮುಗಿಯಿತು ಅಂದುಕೊಂಡಿದ್ದ. ಬಲ್ಬ್ ಬದಲಿಸಲು ಅನುಕೂಲವಾಗಲಿ ಎಂದು ಹಿಂದೆ ದೊಡ್ಡ ತೂತು ಬೇರೆ.

ರೋಸ್ವಿತಾ ಬಂದಳು. ಬೆರಳು ತೂತಿನೊಳಗೆ ಸಲೀಸಾಗಿ ಹೋಯಿತು, ತಾಕಿತು.

“ಇವನ್ನ ಮಾರೋ ಹಾಗಿಲ್ಲ, ಲೋಥರ್.”

“ಇಡೀ ವರ್ಷದ ಕೆಲಸ ಕಣೇ. ಅಲ್ಲಿಗೆ ಯಾರು ಬೆರಳು ಹಾಕ್ತಾರೆ?”

“ಹಾಕೋರು ಇದ್ದೇ ಇರ್ತಾರೆ.”

“ತಿಂದ ಕೇಕಿಗಾದ್ರೂ ಮರ್ಯಾದೆ ಕೊಡು.”

“ಕೇಕ್ ಚೆನ್ನಾಗಿತ್ತು. ದೀಪ ಚೆನ್ನಾಗಿಲ್ಲ.”

ಅವನು ಮುಖ ತಿರುಗಿಸಿದ. ಆ ಭಾನುವಾರ ಕಾಫಿಗೆ ಕರೆಯಲಿಲ್ಲ. ಅವಳ ಸಪ್ಪೆ ಮುಖ ನೋಡಿ ನನಗೆ ಸಂಕಟವಾಯಿತು. ಇಷ್ಟು ವರ್ಷಕ್ಕೆ ಸಿಕ್ಕ ಒಬ್ಬನನ್ನೂ ಈ ಹಾಳು ಬೆರಳು ಓಡಿಸಿತಲ್ಲ ಎಂದು ಸಿಟ್ಟೂ ಬಂತು.

ನಮ್ಮ ಸಂತೆಯ ಕರಾರು ಹೇಗೆಂದರೆ, ಮಾರಲು ಏನೂ ಇಲ್ಲದಿದ್ದರೂ ಮಳಿಗೆ ತೆರೆದಿರಬೇಕು. ಮುಚ್ಚಿದರೆ ಮುಂದಿನ ವರ್ಷ ಜಾಗವಿಲ್ಲ. ಹಾಗಾಗಿ ಲೋಥರ್ ಖಾಲಿ ಹಲಗೆಯ ಹಿಂದೆ ಚಳಿಯಲ್ಲಿ ಗೂಟದ ಹಾಗೆ ನಿಂತ.

ಸೋಮವಾರ ಕಚೇರಿ ಮುಗಿಸಿದ ರೋಸ್ವಿತಾ ಅವನ ಮಳಿಗೆಯೊಳಗೆ ಹೋಗಿ ಪಕ್ಕದಲ್ಲಿ ನಿಂತಳು. ಅವನು ಅತ್ತ ಸರಿದ. ದೀಪ ಕೇಳಿ ಬಂದವರಿಗೆಲ್ಲ ಅವಳೇ ಉತ್ತರ ಕೊಟ್ಟಳು: “ನಾನೇ ನಿಲ್ಸಿದ್ದು. ಬಯ್ಯೋದಿದ್ರೆ ನನ್ನನ್ನ ಬಯ್ಯಿರಿ, ಇವರನ್ನಲ್ಲ.” ಸಾಕಷ್ಟು ಬೈಸಿಕೊಂಡಳು. ಮರುದಿನವೂ ಬಂದಳು, ಅದರ ಮರುದಿನವೂ.

ಆವತ್ತು ಮುದುಕಿಯೊಬ್ಬಳು ಲೋಥರನನ್ನು ಕೇಳಿದಳು: “ಯಾರಪ್ಪಾ ಇವಳು, ನಿನ್ನ ವ್ಯಾಪಾರಕ್ಕೆ ಕಲ್ಲು ಹಾಕಿದೋಳು?”

ಲೋಥರ್ ತನ್ನ ಕೈಗವಸು ಬಿಚ್ಚಿ ರೋಸ್ವಿತಾಳ ಕೈಗೆ ತೊಡಿಸಿದ. “ನಾನು ಮದುವೆ ಆಗೋಳು,” ಅಂದ.

“ನನ್ನನ್ನ ಕೇಳಿದ್ಯಾ?”

“ಈಗ ಕೇಳ್ತಿದೀನಿ.”

ನನ್ನ ಒಲೆಯ ಮೇಲೆ ಸಾಸೇಜ್ ಸೀಯುತ್ತಿತ್ತು. ಸೀಯಲಿ ಎಂದು ಬಿಟ್ಟೆ. ರೋಸ್ವಿತಾ ಮೂಗು ಒರೆಸಿಕೊಂಡಳು.

“ಆಗ್ತೀನಿ,” ಅಂದಳು. “ಆದ್ರೂ ಆ ದೀಪ ಮಾರೋ ಹಾಗಿಲ್ಲ.”