ಹೆಲಿಕಾಪ್ಟರಿನ ಮಹಜರು

ತೊಂಬತ್ತರ ದಶಕದಲ್ಲಿ ನಾನು ನಂಜನಗೂಡು ತಾಲ್ಲೂಕಿನಲ್ಲಿ ಗ್ರಾಮ ಲೆಕ್ಕಿಗನಾಗಿದ್ದೆ. ಸ್ಥಳಕ್ಕೆ ಹೋಗದೆಯೇ ಸ್ಥಳ ಮಹಜರು ಬರೆಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಮನೆ ಸುಟ್ಟಿರಲಿ, ಎಮ್ಮೆಗೆ ಸಿಡಿಲು ಬಡಿದಿರಲಿ, ಹೋಟೆಲ್ಲಿನ ಮೂಲೆಯಲ್ಲಿ ಕೂತು 'ಖುದ್ದು ಸ್ಥಳಕ್ಕೆ ಭೇಟಿ ನೀಡಿ, ಪಂಚರ ಸಮಕ್ಷಮ ಪರಿಶೀಲಿಸಲಾಗಿ' ಎಂದು ಶುರು ಮಾಡುತ್ತಿದ್ದೆ. ಪಂಚರೆಂದರೆ ಊರಿನ ಐದು ಜನ ಸಾಕ್ಷಿಗಳು. ಅವರ ರುಜು ಹಾಕಿಸಿದ ಖಾಲಿ ಹಾಳೆಗಳು ನನ್ನ ಬ್ಯಾಗಿನಲ್ಲಿ ಸದಾ ಇರುತ್ತಿದ್ದವು. ಪಾಪದ ಜನಕ್ಕೆ ಪದೇ ಪದೇ ತೊಂದರೆ ಕೊಡಬಾರದೆಂಬ ಕಾಳಜಿ ನನ್ನದು.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ, ಹದಿನಾರು ಎಂಬ ಊರಿನ ಕಡೆಯ ನನ್ನ ಹಳ್ಳಿಯೊಂದರ ಕೊಯ್ಲಾದ ಗದ್ದೆಗೆ ಮಿಲಿಟರಿ ಹೆಲಿಕಾಪ್ಟರ್ ಇಳಿಯಿತು. ಎಣ್ಣೆಯ ಒತ್ತಡ ಕುಸಿದಿದೆಯೆಂದು ಒಳಗೆ ದೀಪ ಹೊತ್ತಿತಂತೆ. ಶಾಲೆ, ಕರೆಂಟು ತಂತಿ, ಹುಲ್ಲಿನ ಮೆದೆ ಎಲ್ಲವನ್ನೂ ತಪ್ಪಿಸಿ, ಒಂದು ಕೋಳಿಗೂ ಏಟಾಗದಂತೆ ಪೈಲಟ್ಟುಗಳಿಬ್ಬರು ಇಳಿಸಿದ್ದರು. ನಾನಾಗ ನಂಜನಗೂಡಿನಲ್ಲಿ ಎರಡನೇ ಪ್ಲೇಟ್ ಇಡ್ಲಿಗೆ ಕೈ ಹಾಕಿದ್ದೆ. ಕಚೇರಿಗೆ ಬರೆದುಕೊಡುವ ದಿನಚರಿಯ ಪ್ರಕಾರ ಮಾತ್ರ ಅದೇ ಹಳ್ಳಿಯಲ್ಲಿ ಬೆಳೆ ನೋಡುತ್ತಿದ್ದೆ. ಸುದ್ದಿ ತಲುಪಿದ್ದೇ ತಡ, ರುಜುವಿದ್ದ ಹಾಳೆ ತೆಗೆದು 'ಹತ್ತೂವರೆಗೆ ಸ್ಥಳ ತಲುಪಿ, ವಾಹನವನ್ನು ಕೂಲಂಕಷವಾಗಿ ನೋಡಲಾಗಿ' ಎಂದು ಮಹಜರು ಬರೆದೆ. ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಕಬ್ಬು ಎಂದು ಚಕ್ಕುಬಂದಿಯನ್ನೂ ಹಾಕಿದೆ. ಕೆಲಸವೆಲ್ಲ ಮುಗಿದ ಮೇಲೆ, ಹೆಲಿಕಾಪ್ಟರನ್ನು ಹತ್ತಿರದಿಂದ ನೋಡೋಣವೆಂದು ನರಸೀಪುರದ ಬಸ್ಸು ಹತ್ತಿದೆ. ನಡುದಾರಿಯಲ್ಲಿ ಇಳಿದು ಗದ್ದೆ ಸೇರಿದಾಗ ಎರಡು ಗಂಟೆ.

ಹೆಲಿಕಾಪ್ಟರಿಗೆ ಮದುವೆಯ ಕಳೆ ಬಂದಿತ್ತು. ಮೂತಿಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಬಾಗಿಲಿಗೆ ಸೇವಂತಿಗೆ ಹಾರ, ಗಾಲಿಯಡಿ ನಿಂಬೆಹಣ್ಣು. ಊರಿನ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು ಹೆಮ್ಮೆಯಿಂದ ಹೇಳಿದರು: "ಬಾಲದುದ್ದಕ್ಕೂ ಎಣ್ಣೆ ಇಳುದು ಗಲೀಜಾಗಿತ್ತು ಸಾ. ಅಂಗೇ ಮಡಿಕಂಡು ಪೂಜೆ ಮಾಡಕಾದದಾ? ಸೀಗೆಪುಡಿ ಆಕಿ, ಉಲ್ಲಲ್ಲಿ ಉಜ್ಜಿ ತೊಳುದ್ವಿ."

ಹಿರಿಯ ಪೈಲಟ್ ಆ ಹೊತ್ತಿಗೆ ಯಜಮಾನರ ಮನೆಯಲ್ಲಿ ಫೋನಿನ ಲೈನು ಸಿಗಲೆಂದು ಕಾಯುತ್ತಾ, ಬಲವಂತದ ಊಟ ಮುಗಿಸುತ್ತಿದ್ದರಂತೆ. ಕಾವಲಿಗಿದ್ದ ಕಿರಿಯ ಪೈಲಟ್ಟಿಗೆ ಕನ್ನಡ ಬಾರದು, ಎಣ್ಣೆಯ ಕಡೆ ಗಮನವೂ ಇರಲಿಲ್ಲ. ಜೀವ ಉಳಿದ ಖುಷಿಯಲ್ಲಿ ತೆಂಗಿನಕಾಯಿಯನ್ನು ಅವನೇ ಒಡೆದಿದ್ದ.

ಹಿರಿಯ ಪೈಲಟ್ ವಾಪಸು ಬಂದವರು ಆ ಥಳಥಳ ನೋಡಿ ನಿಂತಲ್ಲೇ ನಿಂತರು. ವಿಜಾಪುರದ ಕಡೆಯವರು. ಕೂಗಾಡಲಿಲ್ಲ.

"ಎಣ್ಣಿ ಎಲ್ಲಿಂದ ಸೋರೇತಿ ಅನ್ನೋದಕ್ಕ ಬಾಲದ ಮ್ಯಾಲಿನ ಆ ಎಣ್ಣಿ ಗೆರಿ ಒಂದ ಗುರುತಿತ್ರೀ," ಎಂದರು. "ನಾ ಅವಸರದಾಗ ನೋಡೀನಿ, ಬುಡ ನೋಡಿಲ್ಲ. ಈಗ ದೀಪಾನೂ ಆರೇತಿ. ಇಂಜಿನಿಯರು ಬಂದ್ರ, ಸುಮ್ಮನ ಹೆದರಿ ಇಳಿಸ್ಯಾನ ಅಂತಾರ. ಯಾರರ ಸರಿಯಾಗಿ ನೋಡೀರೇನ್ರಿ?"

ತಮ್ಮನ್ನು ಕೋರ್ಟಿಗೆ ಅಲೆಸುತ್ತಾರೆಂದು ಊರಿಗೆ ಊರೇ ಒಂದು ಹೆಜ್ಜೆ ಹಿಂದೆ ಸರಿಯಿತು. ಹತ್ತು ನಿಮಿಷದ ಹಿಂದೆ ಸೀಗೆಪುಡಿಯ ಕತೆ ಹೇಳಿದ್ದ ಯಜಮಾನರೇ, "ಎಣ್ಣೆನಾ? ನಾವ್ ಕಾಣ್ನಿಲ್ಲ ಕಣ್ ಸಾ. ಮೊದ್ಲಿಂದ್ಲೂ ಇಂಗೇ ಪಳಪಳ ಅಂತಿತ್ತು," ಎಂದುಬಿಟ್ಟರು. ನನ್ನ ಐವರು ಪಂಚರಲ್ಲಿ ಮೂವರು ಅಲ್ಲೇ ತಲೆಯಾಡಿಸುತ್ತಿದ್ದರು.

ಇಂಥ ಹೊತ್ತಿನಲ್ಲಿ ಸರ್ಕಾರ ಕೈಕಟ್ಟಿ ಕೂರಬಾರದೆಂದು ನಾನು ಮುಂದೆ ಹೋಗಿ ಮಹಜರನ್ನು ಅವರ ಕೈಗಿಟ್ಟೆ. ಅವರು ಓದುತ್ತಾ ಹೋದ ಹಾಗೆ ಮುಖಕ್ಕೆ ಜೀವ ಬಂತು.

"ನೀವು ಹತ್ತೂವರೆಗೇ ಬಂದೀರಿ. ತೊಳಿಯೂ ಮೊದಲ! ದೊಡ್ಡ ಉಪಕಾರ ಆತ್ರಿ. ಗೆರಿ ಎಲ್ಲಿಂದ ಶುರು ಆಗಿತ್ತು?"

"ಎಲ್ಲಿಂದ ಅಂತ ಬರೀಲಿ ಹೇಳಿ ಸಾರ್," ಎಂದೆ ನಾನು, ಪೆನ್ನಿನ ಮುಚ್ಚಳ ತೆಗೆಯುತ್ತಾ. "ಎಡಗಡೆ ಅನ್ನೋಣವಾ, ಬಲಗಡೆ ಅನ್ನೋಣವಾ? ಜಾಗ ಬಿಟ್ಟಿದ್ದೀನಿ."

ಅವರು ಹಾಳೆಯಿಂದ ತಲೆಯೆತ್ತಿದರು. "ನೀವ ನೋಡೇ ಇಲ್ಲೇನ್ರಿ?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು, ಆದರೆ ಆ ಮುಖದೆದುರು ಹೊರಡಲಿಲ್ಲ. "ಇಲ್ಲ ಸಾರ್. ಬಂದಿದ್ದೇ ಎರಡು ಗಂಟೆಗೆ. ಆದರೂ ಬರೆದುಕೊಡ್ತೀನಿ. ನಿಮಗೆ ಒಳ್ಳೇದಾಗುತ್ತೆ."

"ಬ್ಯಾಡ್ರಿ," ಎಂದು ಅವರು ಹಾಳೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. "ನಾಳೆ ಇದನ್ನ ಮತ್ತೊಬ್ಬಾಂವ ಹಾರಿಸ್ತಾನ. ನಾವು ಸುಳ್ಳ ಜಾಗಾ ತೋರಿಸಿದ್ರ ಖರೇ ಜಾಗಾ ಹಂಗ ಉಳೀತೈತಿ. ಬೀಳಾಂವ ಅವನ."

ಸಂಜೆ ಇಂಜಿನಿಯರುಗಳು ಬಂದರು. ಸೋರಿಕೆಗೆ ಏನಾದರೂ ಗುರುತು ಇದೆಯೇ ಎಂದು ಅವರು ಕೇಳಿದಾಗ ಹಿರಿಯ ಪೈಲಟ್ ನನ್ನ ಕಡೆ ತಿರುಗಿಯೂ ನೋಡದೆ, ಇದ್ದದ್ದು ತೊಳೆದುಹೋಯಿತು, ಎಲ್ಲಿಂದ ಶುರುವಾಗಿತ್ತೆಂದು ತಾವೂ ನೋಡಿಲ್ಲ ಎಂದರು. ನನಗೆ ನಾಚಿಕೆಯಾಯಿತು, ಎಲ್ಲಿ ಮುಖ ಇಟ್ಟುಕೊಳ್ಳಲಿ ಅನ್ನಿಸುವಷ್ಟು. ಅವರನ್ನು ಹೇಡಿ ಎಂದು ಯಾರಾದರೂ ಕರೆದರೋ, ಆ ಯಂತ್ರವನ್ನು ಮರುದಿನ ಯಾರು ಹಾರಿಸಿದರೋ, ಇಂದಿಗೂ ನನಗೆ ಗೊತ್ತಿಲ್ಲ. ನಾನು ಮಾಡಬೇಕಿದ್ದದ್ದು ಇಷ್ಟೇ, ಸಂಬಳ ಕೊಟ್ಟ ಕೆಲಸಕ್ಕೆ ಹತ್ತೂವರೆಗೆ ಹೋಗಿ ಅಲ್ಲಿ ನಿಲ್ಲುವುದು.