ರಾಗಿ ಮಿಲ್ಲು ಪಾಸು ಮಾಡುವ ಗೇಮಿಂಗ್ ಕಂಪ್ಯೂಟರ್

ಕೊಡಿಗೇನಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಹಿಂದೂಪುರದ ಮೊದಲ ಬಸ್ಸಿಗೆ ಕಾದವರು ಟೀ ಅಂಗಡಿ ಮುಂದೆ ಆಕಳಿಸುತ್ತಿದ್ದಾರೆ. ಹಿಂದಿನ ಬೀದಿಯ ಹಿಟ್ಟಿನ ಮಿಲ್ಲಿಗೆ ಅಂಟಿಕೊಂಡ ಪುಟ್ಟ ಮಳಿಗೆಯಲ್ಲಿ ಮಂಜುಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಪ್ಯೂಟರಿನ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡುತ್ತಿದ್ದಾರೆ. ತೆರೆಯ ಮೇಲೆ ಆಟದ ಕಾರುಗಳು ಗುದ್ದಾಡುತ್ತಿವೆ. ಅವರ ಕಿವಿ ಮಾತ್ರ ಪಕ್ಕದ ಗೋಡೆಯ ಕಡೆಗಿದೆ.

"ಕಾಡಸಿದ್ದಪ್ಪಣ್ಣ, ಹಾಕಣ್ಣ!"

ಗೋಡೆಯಾಚೆ ಮಿಲ್ಲಿನ ಯಜಮಾನ ಕಾಡಸಿದ್ದಪ್ಪ ಸ್ವಿಚ್ ಒತ್ತುತ್ತಾರೆ. ಮೋಟಾರು ಗುಂಯ್ ಎನ್ನುತ್ತಿದ್ದಂತೆ ಮಳಿಗೆಯ ದೀಪ ಮಂಕಾಗುತ್ತದೆ. ಕಂಪ್ಯೂಟರ್ ಪಟ್ಟೆಂದು ಆರಿ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. "ಫೇಲು," ಎನ್ನುತ್ತಾರೆ ಮಂಜುಶ್ರೀ. ಬೆಂಚಿನ ಮೇಲೆ ಕೂತ ಯುವತಿ ತಲೆಯ ಮೇಲೆ ಕೈ ಹೊರುತ್ತಾಳೆ.

ಅವಳು ಬಲಸಮುದ್ರದ ರಾಧಾಮಣಿ. ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸ. ಕೂಲಿಯಲ್ಲಿ ಉಳಿಸಿ ದೂರದ ಪೇಟೆಯೊಂದರಲ್ಲಿ ಈ ಮಿಷಿನ್ ಕೊಂಡಳು. ಅರ್ಧಕ್ಕಿಂತ ಹೆಚ್ಚು ದುಡ್ಡು ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೇ ಹೋಯಿತು. ಒಳಗಿನ ಭಾಗಗಳಿಗೆಲ್ಲ ಕರೆಂಟನ್ನು ಹದ ಮಾಡಿ ಹಂಚುವ ಪವರ್ ಸಪ್ಲೈ ಮಾತ್ರ ಸಿಕ್ಕಿದ್ದರಲ್ಲಿ ಅಗ್ಗದ್ದು. ಆನ್‌ಲೈನ್ ಆಟದ ತಂಡವೊಂದರ ಆಯ್ಕೆಯ ದಿನ ಊರಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡಿ ವೋಲ್ಟೇಜ್ ಕುಸಿಯಿತು, ಪಂದ್ಯದ ನಡುವೆಯೇ ಮಿಷಿನ್ ಕೈಕೊಟ್ಟಿತು.

"ಗೆಲ್ತಿದ್ದೆ ಕಣಕ್ಕ. ಸೋಲ್ತೀನಿ ಅಂತ ಎದ್ದು ಓಡೋದ್ಲು ಅಂತ ಆಡ್ಕೊಂಬುಟ್ರು," ಎನ್ನುತ್ತಾಳೆ. ಬರುವ ಭಾನುವಾರಕ್ಕೆ ತಂಡ ಇನ್ನೊಂದೇ ಅವಕಾಶ ಕೊಟ್ಟಿದೆ. ಅದೂ ಹೋದರೆ ಮಿಷಿನ್ ಮಾರಿಬಿಡಬೇಕೆಂದು ತಾಯಿ ಕರಿಯಕ್ಕನ ಅಪ್ಪಣೆ. ಕುರಿ ಮೇಯಿಸುವ ಕರಿಯಕ್ಕ ಮಗಳ ಜೊತೆಗೇ ಬಂದಿದ್ದಾರೆ. "ಇನ್ನೊಂದು ರೂಪಾಯಿ ಬಿಚ್ಚಾಕಿಲ್ಲ ಅಮ್ಮಣ್ಣಿ. ಕುರಿ ಆದ್ರೆ ಮರಿ ಹಾಕ್ತದೆ, ಈ ಡಬ್ಬ ಏನ್ ಹಾಕ್ತದೆ?" ಎಂದು ಅವರು ಕೇಳಿದಾಗ ಮಂಜುಶ್ರೀಗೆ ನಗು ತಡೆಯುವುದಿಲ್ಲ.

ಮಂಜುಶ್ರೀ ತವರೂರು ಮಧುಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಕಲಿತವರು. ಮೊದಲು ಬಸ್ ನಿಲ್ದಾಣದ ಎದುರೇ ಅಂಗಡಿಯಿತ್ತು. ಅಲ್ಲಿ ಜೋಡಿಸಿದ ಮಿಷಿನ್ ಅಲ್ಲಿ ಚೆನ್ನಾಗಿಯೇ ಓಡುತ್ತಿತ್ತು, ಹಳ್ಳಿ ಸೇರಿದ ವಾರಕ್ಕೇ ರಾಗ ತೆಗೆಯುತ್ತಿತ್ತು. ವಾಪಸು ಹೊತ್ತು ತಂದವರು ರಸ್ತೆಯಲ್ಲಿ ನಿಂತು ಬೈಯುತ್ತಿದ್ದರು. "ಒಂದಿನ ರಾಗಿ ಬೀಸಕ್ಕೆ ಇಲ್ಲಿಗೆ ಬಂದಿದ್ದೆ. ಮೋಟಾರು ಹಾಕ್ತಿದ್ದಂಗೇ ಲೈಟು ಇಷ್ಟಾಗೋಯ್ತು. ಹಳ್ಳಿ ಕರೆಂಟಂದ್ರೆ ಇದೇ ಅಲ್ವಾ ಅನ್ನಿಸ್ತು," ಎನ್ನುತ್ತಾರೆ. ಹೊಸ ಅಂಗಡಿಗೆ ಊರವರೆಲ್ಲ ರಸ್ತೆ ಬದಿ ಹುಡುಕುವಾಗ ಇವರು ಹಿಟ್ಟಿನ ಧೂಳು ಹಾರುವ ಜಾಗವನ್ನೇ ಬಾಡಿಗೆಗೆ ಹಿಡಿದರು. ನೆಂಟರು ತಲೆ ಕೆಟ್ಟಿದೆಯೆಂದರು. ಈಗ ಶಿರಾ, ಕೊರಟಗೆರೆಯಿಂದಲೂ ಗಿರಾಕಿಗಳು ಬರುತ್ತಾರೆ. ತಿಂಗಳಿಗೆ ನಾಲ್ಕೋ ಐದೋ ಮಿಷಿನ್, ಹೆಚ್ಚಿನವು ನಲವತ್ತು ಸಾವಿರದೊಳಗೆ. ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿರುವ ಗಂಡ ಮಲ್ಲೇಶ್ ಬಿಡಿಭಾಗಗಳನ್ನು ಸೀಟಿನ ಕೆಳಗಿಟ್ಟು ತರುತ್ತಾರೆ.

ಬಂದವರೆಲ್ಲ ಕೇಳುವುದು ದೊಡ್ಡ ಕಾರ್ಡು, ಬಣ್ಣದ ದೀಪ. ಕಂಪ್ಯೂಟರ್ ಆಟ ಎಂದರೆ ಇಸ್ಪೀಟಿನಾಚೆಗೆ ಏನೂ ಗೊತ್ತಿಲ್ಲದೆ, ಈ ಅಂಗಡಿಯ ಬಗ್ಗೆ ಬರೆಯಲೆಂದು ಬಂದ ನನಗೂ ದೀಪ ಇದ್ದದ್ದೇ ಚೆಂದ ಕಂಡಿತ್ತು. ಮಂಜುಶ್ರೀ ನನ್ನನ್ನೂ ಬಿಡಲಿಲ್ಲ. "ಮದ್ವೆ ದುಡ್ಡೆಲ್ಲ ವಾಲಗಕ್ಕೇ ಕೊಟ್ಬುಟ್ಟು, ಬಂದೋರ್ಗೆ ಅನ್ನ ಸಾರು ಇಲ್ಲ ಅಂದ್ರೆ ಹೆಂಗೆ ಸಾರ್?"

ರಾಧಾಮಣಿಯ ಮಿಷಿನ್ನಿಗೂ ಅದೇ ಮದ್ದು. ದೊಡ್ಡ ಕಾರ್ಡನ್ನು ತಾವೇ ಇಟ್ಟುಕೊಂಡು, ಅದರ ಬೆಲೆಯಲ್ಲೇ ಕಡಿಮೆ ಕರೆಂಟು ತಿನ್ನುವ ಸಣ್ಣ ಕಾರ್ಡು, ಗಟ್ಟಿ ಪವರ್ ಸಪ್ಲೈ ಹಾಕಿಕೊಡುವುದಾಗಿ ಹೇಳುತ್ತಾರೆ. ಹುಡುಗಿಯ ಮುಖ ಸಣ್ಣದಾಗುತ್ತದೆ. "ಆಟದಾಗೆ ಹುಲ್ಲು ಎಳೆಎಳೆಯಾಗಿ ಕಾಣಾಕಿಲ್ಲ ಅಕ್ಕ!"

"ಹುಲ್ಲು ನೋಡಾಕೆ ನನ್ ಜೊತೆ ಕುರಿ ಹಿಂದೆ ಬಾ," ಎಂದು ಕರಿಯಕ್ಕ ಗದರುತ್ತಾರೆ. ಅಷ್ಟರಲ್ಲಿ ಮಿಷಿನ್ ಒಳಗಿನ ಫ್ಯಾನಿನಿಂದ ಮಂಜುಶ್ರೀ ಕಪ್ಪು ಉಣ್ಣೆಯ ಎಳೆ ಎಳೆಯುತ್ತಾರೆ. ಧೂಳು ಬೀಳದಿರಲೆಂದು ಓಡುವ ಮಿಷಿನ್ನಿಗೆ ಕಂಬಳಿ ಹೊದಿಸುತ್ತಿದ್ದದ್ದು ಕರಿಯಕ್ಕನೇ! "ಅದ್ಕೆ ಉಸಿರು ಕಟ್ಟಲ್ವಾ ಕರಿಯಕ್ಕ?" ಎಂದರೆ, "ನಂಗೇನ್ ಗೊತ್ತಮ್ಮ, ಚಳಿ ಆಗ್ಬಾರ್ದು ಅಂತಾನೂ ಇತ್ತು," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ರಾಧಾಮಣಿ ಒಪ್ಪಿ, ಹೊಸ ಭಾಗಗಳನ್ನು ಜೋಡಿಸುವ ಹೊತ್ತಿಗೆ ಬಿಸಿಲೇರಿದೆ. ಮಿಲ್ಲಿನ ಮುಂದೆ ರಾಗಿ ಡಬ್ಬಗಳ ಸಾಲು. ಮಿಲ್ಲು ನಿಲ್ಲಿಸಿ ಮತ್ತೆ ಹಾಕಬೇಕೆಂದರೆ ಕಾಡಸಿದ್ದಪ್ಪ ಗೊಣಗುತ್ತಾರೆ, ಆದರೂ ಹಾಕುತ್ತಾರೆ. ದೀಪ ಮಂಕಾಗುತ್ತದೆ. ಕಾರುಗಳು ಗುದ್ದಾಡುತ್ತಲೇ ಇವೆ. ಇನ್ನೊಮ್ಮೆ, ಮತ್ತೊಮ್ಮೆ. ಆರುವುದಿಲ್ಲ. "ಪಾಸು!" ಎಂದು ಮಂಜುಶ್ರೀ ಕೂಗಿದ್ದಕ್ಕೆ ರಾಗಿಗೆ ಬಂದ ಹೆಂಗಸರೂ ಏನೆಂದು ತಿಳಿಯದೆಯೇ ಚಪ್ಪಾಳೆ ತಟ್ಟುತ್ತಾರೆ. ನನಗಂತೂ ಖುಷಿಯೋ ಖುಷಿ.

ಭಾನುವಾರ ಸಂಜೆ ಮತ್ತೆ ಹೋಗದೆ ಇರಲಾಗಲಿಲ್ಲ. ಮಂಜುಶ್ರೀ ನಾಲ್ಕಾರು ಸಲ ಫೋನ್ ಎತ್ತಿ ನೋಡಿ ಕೆಳಗಿಡುತ್ತಾರೆ. ಕೊನೆಗೂ ಅದು ಬಡಿದುಕೊಳ್ಳುತ್ತದೆ.

"ಅಕ್ಕಾ, ಸೋತೋದೆ!" ರಾಧಾಮಣಿಯ ದನಿಯಲ್ಲಿ ಮಾತ್ರ ಹಬ್ಬ. "ಎರಡು ಸಲ ಲೈಟು ಮಂಕಾಯ್ತು, ಮಿಷಿನ್ ಅಲ್ಲಾಡ್ಲಿಲ್ಲ. ಕಡೇವರ್ಗೂ ಆಡಿ ಸೋತೆ. ಓಡೋಗೋಳಲ್ಲ ಅಂತ ಗೊತ್ತಾಯ್ತು, ತಂಡಕ್ಕೆ ತಗೊಂಡ್ರು ಅಕ್ಕ!"

ಮಂಜುಶ್ರೀ ಫೋನಿಟ್ಟು ಕಣ್ಣೊರೆಸಿಕೊಂಡು ನನ್ನತ್ತ ತಿರುಗುತ್ತಾರೆ.

"ಕೇಳಿಸ್ಕೊಂಡ್ರಾ ಸಾರ್? ಈ ಸಲ ಸೋತಿದ್ದು ಅವಳೇ. ನನ್ ಮಿಷಿನ್ ಅಲ್ಲ."